ಪರರ ಕೂಸು, ನಮ್ಮ ಹೊಣೆ

ಬೇಸಿಗೆಯ ರಜೆ ಆರಂಭವಾಯಿತೆಂದರೆ ಕೃಷ್ಣೆಯ ದಂಡೆಯಲ್ಲಿರುವ ನಮ್ಮ ಜುಗೂಳದ ಮನೆಗಳಿಗೆ ಬೇರೆಯೇ ಒಂದು ಕಳೆ ಬರುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಕರ್ನಾಟಕದ ಶಾಲೆಗಳು ಬಾಗಿಲು ಹಾಕುತ್ತವೆ. ಹೊಳೆಯಾಚೆಯ ಮಹಾರಾಷ್ಟ್ರದ ಶಾಲೆಗಳಿಗೆ ಬಿಡುವು ದೊರೆಯುವುದು ತುಸು ತಡವಾಗಿ. ನಮ್ಮ ಮಕ್ಕಳು ಪಾಟಿಚೀಲ ಹೊತ್ತು ಮರಳಿ ಶಾಲೆಗೆ ಹೊರಟ ಮೇಲೂ ಅಲ್ಲಿಯ ಮಕ್ಕಳು ಜೂನ್ ತಿಂಗಳ ನಡುವಿನವರೆಗೆ ಮನೆಯಲ್ಲಿಯೇ ಇರುತ್ತಾರೆ. ಗಡಿಯ ಊರಿನವರಾದ ನಮಗೆ ಬಳಗವು ಎರಡೂ ರಾಜ್ಯಗಳಲ್ಲಿ ಹಬ್ಬಿರುವುದರಿಂದ, ಒಂದು ಗುಂಪು ಮರಳುವ ಮೊದಲೇ ಮತ್ತೊಂದು ಗುಂಪು ಬಂದಿಳಿಯುತ್ತದೆ. ಹೀಗೆ ಎರಡು ತಿಂಗಳ ಕಾಲ ಪಡಸಾಲೆಯಲ್ಲಿ ಮಕ್ಕಳ ಕಲರವ ನಿಲ್ಲುವುದೇ ಇಲ್ಲ.

ಇದರ ಜೊತೆಗೆ ಊರಿನ ಮಕ್ಕಳೂ ಉಂಟು. ಶಾಲೆಗೆ ಬಿಡುವಿದ್ದರೂ ಹೊಲಕ್ಕೆ ಬಿಡುವಿಲ್ಲ. ಕುಳೆ ಕಬ್ಬಿನ ಕಳೆ, ರವದಿ ಆಯುವುದು, ನೀರು ಹಾಯಿಸುವುದು ಎಂದು ತಾಯಂದಿರು ಬೆಳಗಿನ ತಂಪಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಶಾಲೆಯಿದ್ದ ದಿನಗಳಲ್ಲಿ ಗುರುಗಳ ಕಣ್ಣಳತೆಯಲ್ಲಿದ್ದ ಕೂಸು ರಜೆಯಲ್ಲಿ ಯಾರ ಕಣ್ಣಳತೆಯಲ್ಲಿರಬೇಕು? ನಿವೃತ್ತಿಯ ನಂತರ ಊರಿನಲ್ಲಿಯೇ ನೆಲೆಸಿರುವ ನಮ್ಮಂಥ ಮುದುಕರ ಮನೆಯೇ ಅಂಥ ಕೂಸುಗಳಿಗೆ ಆಸರೆ. "ಆಯೀ, ಕೂಸಿನ ಇಲ್ಲಿ ಬಿಡತೇನ್ರೀ, ಹೊತ್ತ ಮುಣಗೂದ್ರಾಗ ಬರತೇನಿ" ಎಂದು ತಾಯಿ ಹೊಸ್ತಿಲಾಚೆಯಿಂದಲೇ ಹೇಳುವುದು, "ಬಿಡವಾ, ನಾವು ನೋಡ್ಕೋತೀವಿ" ಎಂದು ನಾವು ಒಳಗಿನಿಂದಲೇ ಉತ್ತರಿಸುವುದು, ಇಷ್ಟೇ ನಮ್ಮ ಕರಾರು. ಇದನ್ನು ಕರಾರೆಂದು ಕರೆಯುವುದೇ ಅಪಚಾರವೆಂದು ನಾವು ಬಹುಕಾಲ ನಂಬಿದ್ದೆವು. ನೆರೆಯವರ ಕೂಸಿಗೆ ಒಂದು ರೊಟ್ಟಿ, ತುಸು ಮಜ್ಜಿಗೆ, ಒರಗಲು ನೆರಳು ಕೊಡುವುದಕ್ಕೆ ಕಾಗದವೇಕೆ, ಲೆಕ್ಕವೇಕೆ?

ಆ ನಂಬಿಕೆ 2022ರ ಮೇ ತಿಂಗಳ ಒಂದು ಮಧ್ಯಾಹ್ನ ಮುರಿಯಿತು. ಅದರೊಡನೆ ಒಂದು ಕೂಸಿನ ಕೈಯೂ ಮುರಿಯಿತು.

ಅಂದು ನಮ್ಮಲ್ಲಿ ಒಂಬತ್ತು ಮಕ್ಕಳಿದ್ದರು. ಅವರಲ್ಲಿ ಎದುರು ಓಣಿಯ ಐದು ವರ್ಷದ ಹುಡುಗಿಯೂ ಒಬ್ಬಳು. ಅವಳ ತಾಯಿ ಹೊಳೆಸಾಲಿನ ಕಬ್ಬಿನಲ್ಲಿ ಕಳೆ ತೆಗೆಯಲು ಹೋಗಿದ್ದಳು. ತಂದೆ ಲಾರಿಯೊಡನೆ ಕೊಲ್ಹಾಪುರದ ಕಡೆ ಇದ್ದನು. ಹಿತ್ತಲಿನ ಕೊಟ್ಟಿಗೆಯ ಪಕ್ಕದಲ್ಲಿ ಹಳೆಯ ಚಕ್ಕಡಿಯೊಂದನ್ನು ಮೂಕಿ ಮೇಲಾಗಿಸಿ ನಿಲ್ಲಿಸಿದ್ದೆವು. ದೊಡ್ಡ ಹುಡುಗರು ಅದನ್ನು ಹತ್ತಿ ಇಳಿಯುತ್ತಿದ್ದರು. ಅವರನ್ನು ನೋಡಿ ಹುಡುಗಿಯೂ ಹತ್ತಿದಳು. ಇಳಿಯಲು ತಿಳಿಯದೆ ಬಿದ್ದಳು. ಮೊಳಕೈಯ ಎಲುಬು ಮುರಿಯಿತು.

ಆ ಗಳಿಗೆಯಲ್ಲಿ ನಾವು ಎಲ್ಲಿದ್ದೆವು? ನಮ್ಮಲ್ಲಿ ಒಬ್ಬರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಇನ್ನೊಬ್ಬರು ಪಡಸಾಲೆಯಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ಒರಗಿದ್ದರು. ಒಳಗಿದ್ದವರು ಹೊರಗಿನವರು ನೋಡುತ್ತಿರುವರೆಂದು ತಿಳಿದಿದ್ದರು. ಹೊರಗಿದ್ದವರು ಒಳಗಿನಿಂದ ಹಿತ್ತಲು ಕಾಣುತ್ತದೆಂದು ತಿಳಿದಿದ್ದರು. "ನಾವು ನೋಡ್ಕೋತೀವಿ" ಎಂದು ಮಾತು ಕೊಟ್ಟಿದ್ದೆವು. ಆದರೆ ಆ ಹೊತ್ತಿನಲ್ಲಿ ಆ "ನಾವು" ಎಂಬುವರು ಯಾರೂ ಇರಲಿಲ್ಲ. ಈ ಮಾತನ್ನು ಬರೆಯಲು ಇಂದಿಗೂ ಕೈ ಅಳುಕುತ್ತದೆ. ಆದರೂ ಇದನ್ನು ಮರೆಮಾಚಿದರೆ ಮುಂದೆ ಹೇಳುವ ಯಾವ ಮಾತಿಗೂ ಬೆಲೆಯಿರದು.

ನೆರೆಯವರ ಜೀಪಿನಲ್ಲಿ ಕೂಸನ್ನು ಮಿರಜಿನ ಒಂದು ದವಾಖಾನೆಗೆ ಒಯ್ದೆವು. ನಮ್ಮ ಭಾಗದವರಿಗೆ ದೊಡ್ಡ ಬೇನೆಯೆಂದರೆ ಮಿರಜವೇ ಗತಿಯೆಂಬುದು ವಾಚಕರಿಗೆ ತಿಳಿದದ್ದೇ. ವೈದ್ಯರು ನೋವಿಗೆ ಮದ್ದು ಕೊಟ್ಟು, ಕೈಗೆ ಪಟ್ಟಿ ಕಟ್ಟಿ, ಶಸ್ತ್ರಚಿಕಿತ್ಸೆ ಬೇಕೆಂದರು. ತಂದೆ ಅಥವಾ ತಾಯಿಯ ಸಹಿ ಕೇಳಿದರು. "ನೀವು ಕೂಸಿಗೆ ಏನಾಗಬೇಕು?" ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಜ್ಜ, ಆಯಿ ಎಂದು ಕೂಸು ಕರೆಯುತ್ತದೆ. ಆದರೆ ಕಾಗದದ ಮೇಲೆ ನಾವು ಅದಕ್ಕೆ ಯಾರೂ ಅಲ್ಲ. ತಂದೆಯ ದೂರವಾಣಿ ಸಂಖ್ಯೆ ನಮ್ಮಲ್ಲಿರಲಿಲ್ಲ. ತಾಯಿಯ ಕೈಯಲ್ಲಿ ದೂರವಾಣಿಯೇ ಇರಲಿಲ್ಲ. ಅವಳನ್ನು ಹೊಲದಿಂದ ಕರೆತರುವಷ್ಟರಲ್ಲಿ ಮೂರು ತಾಸು ಕಳೆದವು. ಆ ಮೂರು ತಾಸು ಕೂಸು "ಅವ್ವಾ" ಎಂದು ಅತ್ತದ್ದು ಇನ್ನೂ ನಮ್ಮ ಕಿವಿಯಲ್ಲಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜೀವಕ್ಕೆ ಅಪಾಯವಿದ್ದಾಗ ಕಾಗದಪತ್ರಗಳಿಗಾಗಿ ಚಿಕಿತ್ಸೆಯನ್ನು ತಡೆಯಬಾರದು, ಗಾಯಾಳುವಿನ ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಜೀವಾಪಾಯವಿಲ್ಲದ ಶಸ್ತ್ರಚಿಕಿತ್ಸೆಗೆ, ಹದಿನೆಂಟು ತುಂಬದ ಮಗುವಿನ ಪರವಾಗಿ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆಯನ್ನು ವೈದ್ಯರು ಕೇಳುವುದು ನ್ಯಾಯವೇ. ತಪ್ಪು ದವಾಖಾನೆಯದಲ್ಲ; ಒಪ್ಪಿಗೆಯಿಲ್ಲದೆ ಪರರ ಕೂಸನ್ನು ಇಡೀ ದಿನ ಇಟ್ಟುಕೊಂಡಿದ್ದ ನಮ್ಮದು.

ಖರ್ಚು 38,000 ರೂಪಾಯಿ ಬಂದಿತು. ಅರ್ಧವನ್ನು ನಾವು ನಿವೃತ್ತಿ ವೇತನದಿಂದ ಕೊಟ್ಟೆವು. ಉಳಿದುದನ್ನು ಹುಡುಗಿಯ ತಂದೆ ಸಾಲ ತಂದು ಕಟ್ಟಿದನು. ಯಾರು ಎಷ್ಟು ಕೊಡಬೇಕೆಂದು ಯಾರೂ ಬಾಯಿಬಿಟ್ಟು ಮಾತನಾಡಲಿಲ್ಲ. ಮಾತನಾಡದಿದ್ದುದೇ ಮುಳುವಾಯಿತು. ನಾವು ಅರ್ಧ ಕೊಟ್ಟದ್ದನ್ನು ಉಪಕಾರವೆಂದು ತಿಳಿದೆವು; ಅವರು ಅದನ್ನು ತಪ್ಪೊಪ್ಪಿಗೆಯೆಂದು ತಿಳಿದರು. ವಾರ ಕಳೆಯುವಷ್ಟರಲ್ಲಿ ಗುಡಿಯ ಕಟ್ಟೆಯ ಮೇಲೆ, "ಪುಗಸಟ್ಟೆ ನೋಡ್ಕೋತೇವಂತ ಹೇಳಿ ಕೂಸಿನ ಕೈ ಮುರದ್ರು" ಎಂದು ಅವರ ಕಡೆಯ ಹಿರಿಯರೊಬ್ಬರು ಆಡಿದ ಮಾತು ನಮ್ಮ ಮನೆಯನ್ನು ತಲುಪಿತು. ತಾಯಿ ಏನೂ ಅನ್ನಲಿಲ್ಲ. ಆದರೆ ಆ ರಜೆಯಲ್ಲಿ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮೂವತ್ತು ವರ್ಷ ಹಬ್ಬಕ್ಕೆ ಹೋಳಿಗೆ ಕೊಟ್ಟು ತಂದ ಎರಡು ಮನೆಗಳ ನಡುವೆ ಓಣಿ ಅಷ್ಟೇ ಅಗಲವಿದ್ದರೂ ಹೊಳೆಯಷ್ಟು ಅಂತರ ಬಿದ್ದಿತು.

ನಮಗೂ ಸಿಟ್ಟಿತ್ತು. ಇಷ್ಟು ವರ್ಷ ಅನ್ನ ನೆರಳು ಕೊಟ್ಟವರಿಗೆ ಇದೇ ಬಹುಮಾನವೇ ಎಂದು ಒಳಗೊಳಗೇ ಕುದಿದೆವು. ಇನ್ನು ಮೇಲೆ ಪರರ ಕೂಸಿನ ಗೊಡವೆಯೇ ಬೇಡವೆಂದೂ ಆಡಿಕೊಂಡೆವು. ಆದರೆ ಲಿಂಗಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ದಾಸೋಹವೆಂದು ಬಾಯಿಂದ ಹೇಳುತ್ತ, ಅದಕ್ಕೆ ಪ್ರತಿಯಾಗಿ ಹೊಗಳಿಕೆಯನ್ನು ಬಯಸಿದ್ದೆವಲ್ಲವೇ? ಬಯಸಿದ್ದು ದೊರೆಯದಾಗ ಕುದಿದೆವಲ್ಲವೇ? ಅದು ದಾಸೋಹ ಹೇಗಾದೀತು?

ಆ ದಿನಗಳಲ್ಲಿಯೇ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಳಗದ ಮಗಳೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣಗೊಂಡ ಲಂಡನ್ ನಗರದಲ್ಲಿಯೇ ಅವಳ ವಾಸ. ದುಡಿಯುವ ತಾಯಿಯಾದ ಅವಳು ಶಾಲೆಯ ರಜೆಯಲ್ಲಿ ಮಗನನ್ನು ಓಣಿಯ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಬಿಡುತ್ತಾಳೆ. ಅಲ್ಲಿ ಎಂಟು ವರ್ಷದೊಳಗಿನ ಪರರ ಮಗುವನ್ನು ಹಣ ಪಡೆದು, ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹೊತ್ತು ತನ್ನ ಮನೆಯಲ್ಲಿ ನೋಡಿಕೊಳ್ಳುವವರು ಸಾಮಾನ್ಯವಾಗಿ ನೋಂದಣಿ ಮಾಡಿಸಲೇಬೇಕು. ಅಜ್ಜ ಅಜ್ಜಿ, ಚಿಕ್ಕಮ್ಮ, ಸೋದರಮಾವ ಮೊದಲಾದ ಹತ್ತಿರದ ಬಂಧುಗಳಿಗೆ ಈ ಕಟ್ಟಳೆಯಿಲ್ಲ. ಆಫ್‌ಸ್ಟೆಡ್ ಎಂಬ ತಪಾಸಣಾ ಇಲಾಖೆಯವರು ಮನೆಗೆ ಬಂದು ನೋಡುತ್ತಾರೆ. ಮಗುವಿಗೆ ತಮ್ಮಿಂದ ಹಾನಿಯಾದರೆ ಪರಿಹಾರ ಕೊಡಲು ಬೇಕಾದ ಹೊಣೆಗಾರಿಕೆಯ ವಿಮೆಯನ್ನು ಮಾಡಿಸಿಟ್ಟಿರಬೇಕು. ತಂದೆತಾಯಿಯರೊಡನೆ ಲಿಖಿತ ಕರಾರು ಮಾಡಿಕೊಳ್ಳುತ್ತಾರೆ: ಎಷ್ಟು ಹೊತ್ತಿಗೆ ಬಿಡಬೇಕು, ಎಷ್ಟು ಹೊತ್ತಿಗೆ ಒಯ್ಯಬೇಕು, ತಡವಾದರೆ ಏನು, ಮಗುವಿಗೆ ಯಾವ ಆಹಾರ ಒಗ್ಗದು, ಬಿಡಿಸುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ.

"ಇಷ್ಟೆಲ್ಲಾ ಬರಸ್ಕೊಂಡ್ರ ಮನಸ್ಸು ದೂರ ಆಗೂದಿಲ್ಲೇನ ಮಗಳ?" ಎಂದು ಕೇಳಿದೆವು. "ಇಲ್ಲ ಕಾಕಾ, ಬರದ ಮ್ಯಾಲೇ ನಾವು ಗೆಳತ್ಯಾರಾಗೀವಿ. ಮೊದಲ ಹೇಳಾಕ ನಾಚಿಕಿ ಬರೂ ಮಾತು ಎಲ್ಲಾ ಆ ಕಾಗದಾನ ಹೇಳಿಬಿಟ್ಟೈತಿ" ಎಂದಳು. ಆ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು.

ಅಂದಿನಿಂದ ನಮ್ಮ ನಾಡಿನ ಕಾಯ್ದೆಗಳ ಕಡೆಗೆ ಕಣ್ಣು ಹಾಯಿಸಿದೆವು. ದುಡಿಯುವ ತಾಯಂದಿರ ಮಕ್ಕಳ ಚಿಂತೆ ನಮ್ಮ ದೇಶಕ್ಕೆ ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯು ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು ವಿಧಿಸಿತ್ತು. 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯ ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ಧೂಳಿನಲ್ಲಿ ಮಲಗಿದ್ದ ಕೂಲಿಕಾರರ ಕೂಸುಗಳಿಗಾಗಿ ಸಂಚಾರಿ ಶಿಶುಪಾಲನಾ ಕೇಂದ್ರವನ್ನು ಆರಂಭಿಸಿದರು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದ ಟಿ. ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ತಾಯಂದಿರೊಡನೆ ಬಂದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲೆಂದೇ ನೇಮಿಸಿ ಕೂಲಿ ಕೊಡಬೇಕೆಂಬ ನಿಯಮವಿತ್ತು. 2023ರಲ್ಲಿ ಕರ್ನಾಟಕ ಸರ್ಕಾರವು 4,000 ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿಟ್ಟುಕೊಂಡು "ಕೂಸಿನ ಮನೆ" ಎಂಬ ಚೆಲುವಾದ ಹೆಸರಿನ ಯೋಜನೆಯನ್ನು ಘೋಷಿಸಿತು. ಇವೆಲ್ಲವೂ ಶ್ಲಾಘನೀಯ. ಆದರೆ ಖಾಸಗಿ ಹೊಲದ ಕಳೆಗೆ ಹೋದ ತಾಯಿ, ರಜೆಯ ಒಂದೆರಡು ವಾರದ ಮಟ್ಟಿಗೆ, ಎದುರು ಮನೆಯ ಮುದುಕರ ಬಳಿ ಬಿಟ್ಟ ಕೂಸು ಈ ಯಾವ ಕಟ್ಟಳೆಯ ನೆರಳಿಗೂ ಬರುವುದಿಲ್ಲ.

ಹಾಗೆಂದು ಹೊಣೆ ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು ತಂದೆತಾಯಿಯರನ್ನು ಮಾತ್ರವಲ್ಲ, ಮಗು ಯಾರ ವಶದಲ್ಲಿದೆಯೋ ಅವರೆಲ್ಲರನ್ನೂ ಕುರಿತದ್ದು. ಬೇಕೆಂದೇ ಮಗುವನ್ನು ಕಡೆಗಣಿಸಿ ನೋವಿಗೀಡುಮಾಡಿದವರಿಗೆ ಶಿಕ್ಷೆಯುಂಟು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ನಿರ್ಲಕ್ಷ್ಯದಿಂದ ಪರರ ಜೀವಕ್ಕೆ ಅಪಾಯ ತರುವುದು ಅಪರಾಧವೇ. "ಏನಾದರೂ ನಾವು ಹೊಣೆಯಲ್ಲ" ಎಂದು ಸಾವಿರ ಕಾಗದ ಬರೆಸಿಕೊಂಡರೂ ಈ ಹೊಣೆ ತೊಳೆದುಹೋಗದು. ಇನ್ನು ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುವ ದಾರಿಯಿದೆ. ಪುಕ್ಕಟೆ ಸೇವೆಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರವೂ ಪ್ರತಿಫಲವಿಲ್ಲದ ಮಾತು ಸಾಮಾನ್ಯವಾಗಿ ಕರಾರಾಗುವುದಿಲ್ಲ. ಕೆಲವು ವಿನಾಯಿತಿಗಳುಂಟು. ಬಾಯಿಮಾತಿನ ಕರಾರೂ ಕರಾರೇ. ಆದರೆ ಬರೆದಿಟ್ಟದ್ದಕ್ಕೆ ಮಾತ್ರ ನೆನಪು ಗಟ್ಟಿಯಾಗಿರುತ್ತದೆ.

ವಿಮೆಯ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯಿದೆ. ನಮ್ಮಲ್ಲಿಯೂ ಇತ್ತು. ಬ್ಯಾಂಕಿನ ಖಾತೆಯಿಂದ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ವಿಮೆ ನಮಗಿದ್ದಿತು. 2015ರಲ್ಲಿ 12 ರೂಪಾಯಿಗೆ ಆರಂಭವಾದ ಅದು 2022ರ ಜೂನ್ 1ರಿಂದ 20 ರೂಪಾಯಿಯಾಯಿತು. ಮನೆಯಲ್ಲಿ ಆದ ಅಪಘಾತಕ್ಕೆ ಅದರಿಂದ ಏನಾದರೂ ಸಿಕ್ಕೀತೇ ಎಂದು ಬ್ಯಾಂಕಿಗೆ ಹೋಗಿ ಕೇಳಿದಾಗ ಗೊತ್ತಾದದ್ದೇ ಬೇರೆ. ಅದು 18ರಿಂದ 70 ವರ್ಷದೊಳಗಿನ ಖಾತೆದಾರನಿಗೆ ಮಾತ್ರ ಸಲ್ಲತಕ್ಕದ್ದು. ಅಪಘಾತದಲ್ಲಿ ಅವನು ತೀರಿಕೊಂಡರೆ ಅಥವಾ ಪೂರ್ಣ ಅಂಗವಿಕಲನಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯವಾದರೆ 1 ಲಕ್ಷ. ದವಾಖಾನೆಯ ಖರ್ಚನ್ನು ಅದು ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಬಿದ್ದ ಪರರ ಕೂಸಿಗಂತೂ ಅದರಲ್ಲಿ ಏನೂ ಇಲ್ಲ.

ಟ್ರ್ಯಾಕ್ಟರ್ ಇದ್ದವರಿಗೆ ಈ ಭೇದ ಬೇಗ ತಿಳಿಯುತ್ತದೆ. ವಾಹನಕ್ಕೆ ಮಾಡಿಸುವ ಮೂರನೆಯವರ ವಿಮೆ ನಮ್ಮ ಲುಕ್ಸಾನಿಗಾಗಿ ಅಲ್ಲ, ನಮ್ಮಿಂದ ಪರರಿಗಾಗುವ ಹಾನಿಗಾಗಿ. ಅದಿಲ್ಲದೆ ರಸ್ತೆಗೆ ಇಳಿಯುವಂತಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಮಕ್ಕಳನ್ನು ನೋಡಿಕೊಳ್ಳುವವರಿಗೆ ಬೇಕಾದದ್ದು ಇಂಥ ಹೊಣೆಗಾರಿಕೆಯ ವಿಮೆ. ಸಂಘಸಂಸ್ಥೆಗಳಿಗೆ ಸಾಮಾನ್ಯ ವಿಮಾ ಕಂಪನಿಗಳು ಇದನ್ನು ಕೊಡುತ್ತವೆ. ನಮ್ಮಂಥ ಒಂದು ಮನೆಯ ಮಟ್ಟಿಗೆ ನೇರವಾದ ದಾರಿಯೆಂದರೆ, ಕೂಸಿನ ಚಿಕಿತ್ಸೆಗೆ ಅದರ ಮನೆಯವರ ಬಳಿ ಏನಿದೆಯೆಂಬುದನ್ನು ರಜೆಗೆ ಮೊದಲೇ ವಿಚಾರಿಸಿಟ್ಟುಕೊಳ್ಳುವುದು. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮರಳಿ ಜೀವ ಪಡೆದ ಯಶಸ್ವಿನಿ ಯೋಜನೆಯೂ ಉಂಟು. ಅವಧಿಯೊಳಗೆ ಸಂಘದಲ್ಲಿ ಹೆಸರು ಬರೆಸಿರಬೇಕು. ಯಾವ ಚೀಟಿ ಯಾವ ದವಾಖಾನೆಯಲ್ಲಿ, ಹೊಳೆಯ ಈಚೆ ಸಲ್ಲುವುದೋ ಆಚೆಯೂ ಸಲ್ಲುವುದೋ ಎಂಬುದನ್ನು ಕೂಸು ಅಳುತ್ತಿರುವಾಗ ಹುಡುಕಲು ಕೂಡದು. ಆ ಹುಡುಗಿಯ ಮನೆಯಲ್ಲಿ ಅಂಥ ಚೀಟಿ ಇದ್ದಿತು. ಅದು ಪೆಟ್ಟಿಗೆಯ ತಳದಲ್ಲಿ ಇದ್ದುದು ನಮಗಾರಿಗೂ ಆ ದಿನ ನೆನಪಾಗಲಿಲ್ಲ.

2023ರ ಬಸವ ಜಯಂತಿಯ ಮರುದಿನ ಆ ತಾಯಿ ನಮ್ಮ ಅಂಗಳದಲ್ಲಿ ಬಂದು ನಿಂತಳು. ಕೂಸು ಅವಳ ಸೆರಗು ಹಿಡಿದಿತ್ತು. "ಅಜ್ಜಾರ, ಕೂಸಿನ ಬಿಡ್ಲ್ಯಾ?" ಎಂದಳು. ಒಂದು ವರ್ಷದ ಮೌನದ ನಂತರ ಅಷ್ಟೇ ಮಾತು. ನಮ್ಮ ಕಣ್ಣು ತುಂಬಿ ಬಂದವು. ಆದರೂ, "ಬಿಡವಾ. ಆದ್ರ ಈ ಸಲ ಮೊದಲ ಕುಂತು ಬರಕೊಳ್ಳೂಣು" ಎಂದೆವು.

ಅವಳ ಮುಖ ಬಾಡಿತು. "ನಮ್ಮ ನಡುವ ಕಾಗದ ಯಾಕ್ರೀ? ನಮ್ಮ ಮ್ಯಾಲ ನಂಬಿಗಿ ಇಲ್ಲೇನ್ರೀ?"

"ನಂಬಿಗಿ ಐತಿ ಅಂತನ ಬರಿಯೂದು. ಫ್ಯಾಕ್ಟರಿಗೆ ಕಬ್ಬ ಕಳಸಿದ್ರ ತೂಕದ ಚೀಟಿ ಇಸ್ಕೋತೀವೋ ಇಲ್ಲೋ? ಕಬ್ಬಿಗೆ ಚೀಟಿ ಬೇಕು, ಕೂಸಿಗೆ ಬ್ಯಾಡಾ?"

ಅವಳು ಮೆಲ್ಲನೆ ನಕ್ಕಳು. ಕಾಗದದ ಬೆಲೆಯನ್ನು ಹೊಳೆಸಾಲಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಕೃಷ್ಣೆ ಊರನ್ನು ಹೊಕ್ಕಾಗ, ಪಡಿತರ ಚೀಟಿ, ಉತಾರ, ಬ್ಯಾಂಕಿನ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎದೆಗವಚಿಕೊಂಡು ಹೊರಟವರು ನಾವೆಲ್ಲರೂ.

ಛಾಪಾ ಕಾಗದ ತರಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತುವುದು ನಮ್ಮ ಉದ್ದೇಶವಾಗಿರಲಿಲ್ಲ. ಹುಡುಗರ ಬರಹದ ಪುಸ್ತಕದ ಒಂದು ಹಾಳೆಯಲ್ಲಿ ಬರೆದೆವು. ವಾಚಕರಿಗೆ ಉಪಯೋಗವಾದೀತೆಂದು ಅದರ ಸಾರವನ್ನು ಇಲ್ಲಿ ಕೊಡುತ್ತೇವೆ.

1. ಕೂಸಿನ ಹೆಸರು, ಹುಟ್ಟಿದ ದಿನ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ನಮ್ಮಲ್ಲಿರುವುದು.

2. ತಂದೆ, ತಾಯಿ ಮತ್ತು ಅವರು ಸಿಗದಿದ್ದರೆ ಕರೆಯಬೇಕಾದ ಇನ್ನೊಬ್ಬರ ದೂರವಾಣಿ ಸಂಖ್ಯೆ. ತಾಯಿ ಆ ದಿನ ಯಾರ ಹೊಲದಲ್ಲಿರುವಳೆಂಬ ಮಾತು.

3. ಕೂಸನ್ನು ಒಯ್ಯಲು ಯಾರು ಬರಬಹುದು. ಹೆಸರು ಬರೆದವರನ್ನು ಬಿಟ್ಟು ಬೇರೆಯವರು, ಬಂಧುಗಳೇ ಆಗಿರಲಿ, ಬಂದರೆ ಕಳಿಸತಕ್ಕದ್ದಲ್ಲ.

4. ಕೂಸಿಗೆ ಒಗ್ಗದ ಆಹಾರ, ಹಿಂದಿನ ಬೇನೆ, ನಡೆಯುತ್ತಿರುವ ಔಷಧಿ.

5. ಪೆಟ್ಟು, ಹಾವು ಕಚ್ಚುವುದು, ಜ್ವರ ಮೊದಲಾದ ಆಪತ್ತು ಬಂದರೆ ತಡಮಾಡದೆ ದವಾಖಾನೆಗೆ ಒಯ್ಯಲು ಮತ್ತು ತುರ್ತು ಚಿಕಿತ್ಸೆ ಮಾಡಿಸಲು ತಂದೆತಾಯಿಯರ ಒಪ್ಪಿಗೆ. 108 ಸಂಖ್ಯೆಗೆ ಕರೆ ಮಾಡುವುದು. ಆರೋಗ್ಯ ಚೀಟಿಯ ಒಂದು ಪ್ರತಿ ನಮ್ಮಲ್ಲಿರುವುದು.

6. ಚಿಕಿತ್ಸೆಯ ಖರ್ಚು ಮೊದಲು ಕೂಸಿನ ಮನೆಯ ಚೀಟಿಯಿಂದ. ಉಳಿದುದರಲ್ಲಿ ನಮ್ಮ ಅಜಾಗ್ರತೆಯಿಂದ ಆದುದಕ್ಕೆ ನಾವು, ತಾನಾಗಿ ಬಂದ ಬೇನೆಗೆ ಅವರು. ಸಂಶಯ ಬಂದರೆ ಎರಡೂ ಮನೆಯವರು ಕುಳಿತು ಮಾತನಾಡುವುದು. ಕಟ್ಟೆಯ ಮೇಲೆ ಮಾತನಾಡತಕ್ಕದ್ದಲ್ಲ.

7. ಹೊಳೆ, ಬಾವಿ, ಕೃಷಿಹೊಂಡಗಳ ಕಡೆಗೆ ಒಯ್ಯತಕ್ಕದ್ದಲ್ಲ. ಚಕ್ಕಡಿಯ ಮೂಕಿಯನ್ನು ನೆಲಕ್ಕಿಳಿಸಿ ಗಾಲಿಗೆ ಕಲ್ಲು ಕೊಡುವುದು.

8. ಯಾವ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಯಾರ ಪಾಳಿ ಎಂಬುದನ್ನು ಗೋಡೆಯ ಮೇಲೆ ಬರೆದು ಹಾಕುವುದು. ಪಾಳಿಯವರು ಏಳಬೇಕಾದರೆ ಇನ್ನೊಬ್ಬರಿಗೆ ಹೇಳಿಯೇ ಏಳುವುದು.

ಎಂಟನ್ನು ಬರೆದು ಮುಗಿಸಿ ಓದಿ ಹೇಳಿದಾಗ, ಏಳನೆಯ ಇಯತ್ತೆಯವರೆಗೆ ಓದಿದ್ದ ಆ ತಾಯಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ತಾನೇ ಓದಿದಳು. ಆಮೇಲೆ, "ಇನ್ನೊಂದ ಬರೀರಿ. ಏನರ ಆದ್ರ ಸುದ್ದಿ ಮೊದಲ ನನಗ ಬರಬೇಕು. ಹೋದ ವರ್ಷ ಹೊಲದಾಗ ಮಂದಿ ಎಲ್ಲಾರಿಗೂ ತಿಳದ ಮ್ಯಾಲೆ ನನಗ ತಿಳೀತು" ಎಂದಳು.

ನಾವು ಮೂಕರಾದೆವು. ಒಂದು ವರ್ಷ ಕಾಲ ಅವಳ ಮೌನವನ್ನು ನಾವು ಹಣದ ಸಿಟ್ಟೆಂದೇ ತಿಳಿದಿದ್ದೆವು. ಅವಳಿಗೆ ನೋವಾದದ್ದು 19,000 ರೂಪಾಯಿಗಲ್ಲ. ತನ್ನ ಕೂಸಿನ ಸುದ್ದಿ ತನಗೆ ಕೊನೆಗೆ ಬಂದುದಕ್ಕೆ. ಅಂದು ನಾವು ಜೀಪಿನ ಚಿಂತೆ, ದವಾಖಾನೆಯ ಚಿಂತೆ, ನಮ್ಮ ಮರ್ಯಾದೆಯ ಚಿಂತೆ ಎಲ್ಲವನ್ನೂ ಮಾಡಿದ್ದೆವು. ಹೆತ್ತವಳಿಗೆ ಒಬ್ಬ ಹುಡುಗನನ್ನು ಓಡಿಸುವುದನ್ನು ಮಾತ್ರ ಮರೆತಿದ್ದೆವು. ಓಡಿಸಿದ್ದು ಮಿರಜದ ವೈದ್ಯರು ಸಹಿ ಕೇಳಿದ ಮೇಲೆ. ಒಂಬತ್ತನೆಯದನ್ನು ಅವಳ ಮಾತಿನಲ್ಲಿಯೇ ಬರೆದೆವು. ಅವಳು ಸಹಿ ಮಾಡಿದಳು, ನಾವಿಬ್ಬರೂ ಮಾಡಿದೆವು.

ಹಣದ ಮಾತೂ ಬಂದಿತು. ನಾವು ಬೇಡವೆಂದೆವು. "ಪುಗಸಟ್ಟೆ ಆದ್ರ ಕೇಳಾಕ ನನಗ ಬಾಯಿ ಇರೂದಿಲ್ರೀ" ಎಂದು ಅವಳು ಹಟ ಹಿಡಿದಳು. ಕೊನೆಗೆ ವಾರಕ್ಕೆ 50 ರೂಪಾಯಿ ಮತ್ತು ತನ್ನ ಎಮ್ಮೆಯ ಒಂದು ತಂಬಿಗೆ ಮಜ್ಜಿಗೆ ಎಂದು ನಿಶ್ಚಯವಾಯಿತು. ಗ್ರಾಹಕ ಕಾಯ್ದೆಯನ್ನು ಓದದೆಯೇ ಅವಳು ಅದರ ತಿರುಳನ್ನು ಹೇಳಿದ್ದಳು. ಕೊಟ್ಟವರಿಗೆ ಕೇಳುವ ಹಕ್ಕಿದೆ. ಪಡೆದವರಿಗೆ ಉತ್ತರಿಸುವ ಹೊಣೆಯಿದೆ.

ನಮ್ಮ ಶರಣರ ಚರಿತೆಯಲ್ಲಿ ಇದಕ್ಕೆ ಆಧಾರವಿಲ್ಲದಿಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ ಚಾಡಿಕೋರರು ದೂರು ಒಯ್ದಾಗ, ಲೆಕ್ಕವನ್ನು ತೆರೆದು ನೋಡಲಾಗಿ ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ತೋರಿಸುವುದರಿಂದ ಭಕ್ತಿಗೆ ಕುಂದು ಬರಲಿಲ್ಲ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಅವರ ಮಡದಿ ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದರೆಂಬುದು ಎಲ್ಲರೂ ಬಲ್ಲ ಕಥೆ. ಹೆಚ್ಚು ಪಡೆಯಬಾರದೆಂಬುದು ಅದರ ಒಂದು ಪಾಠ. ಸಲ್ಲಬೇಕಾದುದನ್ನು ಪಡೆಯಲು ನಾಚಬಾರದೆಂಬುದು ಇನ್ನೊಂದು. ನಿವೃತ್ತಿ ವೇತನವಿರುವ ನಮ್ಮಂಥವರಿಗೆ ಮಕ್ಕಳ ಪಾಲನೆ ದಾಸೋಹವಾಗಬಹುದು. ಆದರೆ ಇನ್ನೊಂದು ಆಧಾರವಿಲ್ಲದ ವಿಧವೆಯೊಬ್ಬಳು ಓಣಿಯ ಐದಾರು ಮಕ್ಕಳನ್ನು ನೋಡಿಕೊಂಡರೆ ಅದು ಅವಳ ಕಾಯಕ. ಅವಳಿಗೆ "ಮನೆಯವಳಂತೆ ನೋಡಿಕೊಳ್ಳುತ್ತಾಳೆ" ಎಂಬ ಹೊಗಳಿಕೆಯನ್ನಷ್ಟೇ ಕೊಟ್ಟು ಕೂಲಿಯನ್ನು ಕೊಡದಿರುವುದು ಕಾಯಕಕ್ಕೆ ಮಾಡುವ ದ್ರೋಹವೆಂದೇ ನಮ್ಮ ಭಾವನೆ.

ನಮ್ಮ ಅಕ್ಕನ ಬಳಗಗಳು ಮತ್ತು ಬೇಸಿಗೆಯಲ್ಲಿ ಸಂಸ್ಕಾರ ಶಿಬಿರಗಳನ್ನು ನಡೆಸುವ ಮಠಗಳ ಹಿರಿಯರಲ್ಲಿ ಒಂದು ವಿನಂತಿ. ವಚನ, ಪ್ರಾರ್ಥನೆ, ಯೋಗಗಳ ವೇಳಾಪಟ್ಟಿಯನ್ನು ಎಷ್ಟು ಶ್ರದ್ಧೆಯಿಂದ ಸಿದ್ಧಗೊಳಿಸುವಿರೋ ಅಷ್ಟೇ ಶ್ರದ್ಧೆಯಿಂದ ಪ್ರತಿ ಮಗುವಿನ ಒಪ್ಪಿಗೆ ಪತ್ರ, ತುರ್ತು ಸಂಖ್ಯೆ, ಆರೋಗ್ಯ ಚೀಟಿಯ ಪ್ರತಿಗಳನ್ನೂ ಸಿದ್ಧವಿಟ್ಟುಕೊಳ್ಳಿರಿ. ಶಿಬಿರದ ದಿನಗಳ ಮಟ್ಟಿಗೆ ಗುಂಪು ಅಪಘಾತ ವಿಮೆಯನ್ನೂ ಹೊಣೆಗಾರಿಕೆಯ ವಿಮೆಯನ್ನೂ ಮಾಡಿಸುವ ಬಗ್ಗೆ ವಿಮಾ ಕಚೇರಿಯಲ್ಲಿ ವಿಚಾರಿಸಿರಿ. ತಲೆಗೆ ತಗಲುವ ವೆಚ್ಚ ಎಷ್ಟೇ ಇರಲಿ, ಅದನ್ನು ಶಿಬಿರದ ಖರ್ಚಿನಲ್ಲಿಯೇ ಸೇರಿಸಿರಿ. ಮಕ್ಕಳಿಗೆ ಸಂಕಟ ಬಂದಾಗ ಕರೆಯುವ 1098 ಸಂಖ್ಯೆಯನ್ನು ಪ್ರಸಾದ ನಿಲಯದ ಗೋಡೆಯ ಮೇಲೆ ಬರೆಸಿರಿ.

ಆ ಹಾಳೆ ಈಗ ಮಹಾಪೂರದ ಚೀಲದಲ್ಲಿ, ಉತಾರಗಳ ಜೊತೆಗೆ ಇದೆ. ಪ್ರತಿ ರಜೆಗೆ ತಾರೀಖು ತಿದ್ದಿ ಹೊಸದಾಗಿ ಬರೆಯುತ್ತೇವೆ. ಹುಡುಗಿಯ ಕೈ ನೆಟ್ಟಗಾಗಿದೆ. ಪೂರ್ತಿ ಚಾಚಿದಾಗ ಮಾತ್ರ ತುಸು ಡೊಂಕು ಕಾಣುತ್ತದೆ, ಅದು ನಮ್ಮ ಕಣ್ಣಿಗೆ ಮೊದಲು ಕಾಣುತ್ತದೆ. ಅವಳಿಗೆ ಈಗ ಓದಲು ಬರುತ್ತದೆ. ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಪತ್ರಿಕೆ ಹಿಡಿದು ಕುಳಿತ ನಮ್ಮ ಮುಂದೆ ಬಂದು ನಿಂತು, ಗೋಡೆಯ ಮೇಲಿನ ಬರಹವನ್ನು ತೋರಿಸಿ, "ಅಜ್ಜಾ, ಈಗ ಯಾರ ಪಾಳಿ?" ಎಂದು ಕೇಳಿದಳು.

ನಾವು ಪತ್ರಿಕೆಯನ್ನು ಮಡಚಿಟ್ಟು ಎದ್ದೆವು. ಎಲ್ಲ ಶರಣ ಬಂಧುಗಳ ಮನೆಯ ಮಕ್ಕಳೂ ಈ ರಜೆಯನ್ನು ನಗುನಗುತ್ತ ಕಳೆದು ಸುಖವಾಗಿ ಶಾಲೆಗೆ ಮರಳಲಿ.